ನ್ಯೂಟ್ರಿಷನ್ ಸಮ್ಮೇಳನಕ್ಕೆ ಮೊದಲ ಸಲ ಹೋಗುವವರಿಗೆ: ಪ್ರಶ್ನೆ ಹಿಡಿಯುವುದರಿಂದ ಊರಿಗೆ ವಾಪಸ್ ಬರುವವರೆಗೆ

ಸಮ್ಮೇಳನವೊಂದರಲ್ಲಿ, ನನ್ನ ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸಿದ್ದ ಮೊದಲ ಪೋಸ್ಟರ್ ಮುಂದೆ ಬಂದು ನಿಂತ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕವನ್ನು ಹಣೆಗೆ ಏರಿಸಿ, ಎರಡನೇ ಟೇಬಲ್ಲಿನ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಈ ಕ್ಯಾಲ್ಸಿಯಂ ಲೆಕ್ಕ ಮುದ್ದೆಗೋ, ಹಿಟ್ಟಿಗೋ?" ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಪೆನ್ನು ತೆಗೆದು ನನ್ನ ನೋಟ್‌ಬುಕ್ಕಿನ ಮೂಲೆಯಲ್ಲಿ ಲೆಕ್ಕ ಬರೆದು ತೋರಿಸಿದರು.

ರಾಷ್ಟ್ರೀಯ ಪೋಷಣ ಸಂಸ್ಥೆ (ಎನ್‌ಐಎನ್) ಹೊರತಂದ 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಇದೆ. ಅದು ಬೇಯಿಸದ ರಾಗಿಯ ಲೆಕ್ಕ. 100 ಗ್ರಾಂ ಹಿಟ್ಟಿಗೆ 200 ಮಿಲಿಲೀಟರ್ ನೀರು ಹಾಕಿ ಮುದ್ದೆ ತೊಳಸಿದರೆ, ಆವಿ ಹೋಗಿ 280 ಗ್ರಾಂ ಉಳಿಯಿತು ಅನ್ನಿ. ಕ್ಯಾಲ್ಸಿಯಂ ಆಗಲೂ 364 ಮಿಲಿಗ್ರಾಂ ಅಷ್ಟೇ, ಜಾಸ್ತಿಯಾದದ್ದು ನೀರು. ನಾನು ಮಾತ್ರ ಮುದ್ದೆಯ 280 ಗ್ರಾಂ ತೂಕವನ್ನೇ ಹಿಟ್ಟಿನ ತೂಕ ಅಂತ ಹಿಡಿದಿದ್ದೆ. 1019 ಮಿಲಿಗ್ರಾಂ ಬಂದಿತ್ತು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಹಾಗಾಗಿ ನನ್ನ ಪೋಸ್ಟರಿನಲ್ಲಿ ಒಂದೇ ಮುದ್ದೆಯಲ್ಲಿ ಇಡೀ ದಿನದ ಕ್ಯಾಲ್ಸಿಯಂ ಮುಗಿದುಹೋಗಿತ್ತು!

ಆವತ್ತು ಹತ್ತು ನಿಮಿಷದಲ್ಲಿ ಕಲಿತದ್ದನ್ನು ಎರಡು ವರ್ಷದ ಓದು ಕಲಿಸಿರಲಿಲ್ಲ. ಸಮ್ಮೇಳನಕ್ಕೆ ಹೋಗಬೇಕಾದದ್ದು ಇದಕ್ಕೇ. ನಮ್ಮ ಲೆಕ್ಕದ ಮೇಲೆ ಬೆರಳಿಡುವ ಒಬ್ಬರು ಸಿಗಬೇಕು. ಸರ್ಟಿಫಿಕೇಟು, ಬ್ಯಾಗು, ಫೋಟೋ ಎಲ್ಲ ಆಮೇಲೆ.

ಎಂಎಸ್ಸಿ ಮುಗಿಸುತ್ತಿರುವವರು, ಹೊಸದಾಗಿ ಪಿಎಚ್‌ಡಿ ಸೇರಿದವರು, ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಯಟಿಷಿಯನ್‌ಗಳು, ಕಾಲೇಜು ಉಪನ್ಯಾಸಕರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲೂ "ನನ್ನ ಇಂಗ್ಲಿಷ್ ಸರಿ ಇಲ್ಲ, ನಾನ್ಯಾಕೆ ಹೋಗಲಿ" ಅಂತ ಹಿಂದೆ ಸರಿಯುವವರನ್ನು.

ಹೆಜ್ಜೆ 1: ಸಮ್ಮೇಳನವೋ, ವರ್ಕ್‌ಶಾಪೋ?

ಎರಡೂ ಬೇರೆ ಬೇರೆ. ಮಾಡಿ ಮುಗಿಸಿದ ಕೆಲಸವನ್ನು ಹತ್ತು ಜನರ ಮುಂದೆ ಇಡುವುದು ಸಮ್ಮೇಳನದಲ್ಲಿ. ಕೆಲಸ ಮಾಡುವುದು ಹೇಗೆ ಅಂತ ಕಲಿಯುವುದು ವರ್ಕ್‌ಶಾಪಿನಲ್ಲಿ. ನೀವಿನ್ನೂ ಮಾಹಿತಿ ಸಂಗ್ರಹಿಸಿಲ್ಲ ಅಂದರೆ ಮೊದಲು ವರ್ಕ್‌ಶಾಪಿಗೇ ಹೋಗಿ. ನಾನು ಉಲ್ಟಾ ಮಾಡಿದೆ. ಊಟ ಕೇಳಿ ಬರೆದುಕೊಳ್ಳುವುದನ್ನು ಕಲಿಯುವ ಮುಂಚೆಯೇ ಊಟದ ಬಗ್ಗೆ ಪೋಸ್ಟರ್ ಮಾಡಿದೆ.

ಪೋಷಣೆ ಸಂಶೋಧನೆಯಲ್ಲಿ ಕೈಯಾರೆ ಕಲಿಯಲೇಬೇಕಾದ ಮೂರು ಕೆಲಸ ಇವೆ. ಒಂದು, ಹಿಂದಿನ 24 ಗಂಟೆಯಲ್ಲಿ ಏನು ತಿಂದಿರಿ ಅಂತ ಕೇಳಿ ದಾಖಲಿಸುವುದು. ಎರಡು, ಎತ್ತರ, ತೂಕ, ತೋಳಿನ ಸುತ್ತಳತೆ ತೆಗೆಯುವುದು. ಮೂರು, ಅಂಕಿಅಂಶ. ಮೊದಲ ಎರಡು ಸುಲಭ ಅನ್ನಿಸುತ್ತವೆ, ಅಲ್ವಾ? ಒಂದು ವರ್ಷದ ಮಗುವಿನ ಉದ್ದವನ್ನು ಇಬ್ಬರು ಒಬ್ಬರಾದ ಮೇಲೆ ಒಬ್ಬರು ಅಳೆದು ನೋಡಿ. ಮಗು ಮೊಣಕಾಲು ಮಡಚುತ್ತದೆ, ತಲೆ ವಾಲಿಸುತ್ತದೆ. ಒಂದು ಸೆಂಟಿಮೀಟರ್ ವ್ಯತ್ಯಾಸ ಆರಾಮಾಗಿ ಬರುತ್ತದೆ. ಅಷ್ಟರಲ್ಲೇ ಗಡಿಯಲ್ಲಿರುವ ಮಗು ಕುಂಠಿತ ಬೆಳವಣಿಗೆಯ ಪಟ್ಟಿಗೆ ಸೇರಲೂಬಹುದು, ಅಲ್ಲಿಂದ ಹೊರಗೆ ಬರಲೂಬಹುದು.

ವರ್ಕ್‌ಶಾಪಿಗೆ ಹಣ ಕಟ್ಟುವ ಮುಂಚೆ ಆಯೋಜಕರನ್ನು ಎರಡು ಮಾತು ಕೇಳಿ. ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ? ದಿನದಲ್ಲಿ ಎಷ್ಟು ಹೊತ್ತು ನಾವೇ ಮಾಡುತ್ತೇವೆ? ಮುನ್ನೂರು ಜನ ಸಭಾಂಗಣದಲ್ಲಿ ಕೂತು ಸ್ಲೈಡ್ ನೋಡಿದರೆ ಅದು ಭಾಷಣ, ವರ್ಕ್‌ಶಾಪ್ ಅಲ್ಲ.

ಹೆಜ್ಜೆ 2: ನಿಮ್ಮ ಕೆಲಸಕ್ಕೆ ತಕ್ಕ ಜಾಗ ಹುಡುಕಿ

ನಮ್ಮ ಕಡೆಯವರಿಗೆ ಹತ್ತಿರದ, ಗಟ್ಟಿ ವೇದಿಕೆ ಅಂದರೆ ನ್ಯೂಟ್ರಿಷನ್ ಸೊಸೈಟಿ ಆಫ್ ಇಂಡಿಯಾದ ವಾರ್ಷಿಕ ಸಮ್ಮೇಳನ. ಈ ಸೊಸೈಟಿಯ ನೆಲೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ, ಅಂದರೆ ಎನ್‌ಐಎನ್. ಆ ಸಂಸ್ಥೆ ಶುರುವಾದದ್ದು 1918ರಲ್ಲಿ, ಕೂನೂರಿನಲ್ಲಿ. ರಾಬರ್ಟ್ ಮೆಕ್‌ಕ್ಯಾರಿಸನ್ ಬಿ1 ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆಯ ಮೇಲೆ ಕೆಲಸ ಮಾಡಲು ಹಿಡಿದ ಪುಟ್ಟ ಜಾಗ ಅದು. 1958ರಲ್ಲಿ ಹೈದರಾಬಾದಿಗೆ ಬಂತು. ಹಳ್ಳಿ, ಅಂಗನವಾಡಿ, ಶಾಲೆ, ಹಾಸ್ಟೆಲ್‌ಗಳಲ್ಲಿ ಮಾಡಿದ ಕೆಲಸಕ್ಕೆ ಇದೇ ಸರಿಯಾದ ಜಾಗ. ಅಲ್ಲಿ ಕೇಳುವವರು ಹಳ್ಳಿ ನೋಡಿದವರು.

ನೀವು ಮಾಡಿದ್ದು ಸಿರಿಧಾನ್ಯದ ಬಿಸ್ಕತ್ತು, ಮೊಳಕೆ ಕಟ್ಟಿದ ರಾಗಿಯ ಮಾಲ್ಟು, ಶೆಲ್ಫ್ ಲೈಫ್ ಪರೀಕ್ಷೆ ಅಂಥದ್ದಾದರೆ ಆಹಾರ ವಿಜ್ಞಾನಿಗಳ ಸಂಘದ ಸಮ್ಮೇಳನ ಒಳ್ಳೆಯದು. 1957ರಲ್ಲಿ ಹುಟ್ಟಿದ ಆ ಸಂಘದ ಮುಖ್ಯ ಕಚೇರಿ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಆವರಣದಲ್ಲೇ ಇದೆ. ಆಸ್ಪತ್ರೆಯ ರೋಗಿಗಳ ಆಹಾರದ ಮೇಲಿನ ಕೆಲಸಕ್ಕೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಇದೆ. ಜಗತ್ತಿನ ಮಟ್ಟದಲ್ಲಿ ದೊಡ್ಡದು ಅಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಇಂಟರ್‌ನ್ಯಾಷನಲ್ ಕಾಂಗ್ರೆಸ್ ಆಫ್ ನ್ಯೂಟ್ರಿಷನ್. 2017ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಆಯಿತು. 2021ರಲ್ಲಿ ಆಗಬೇಕಿದ್ದದ್ದು ಕೋವಿಡ್‌ನಿಂದ ಮುಂದಕ್ಕೆ ಹೋಗಿ 2022ರಲ್ಲಿ ಟೋಕಿಯೊದಲ್ಲಿ ನಡೆಯಿತು. 2025ರಲ್ಲಿ ಪ್ಯಾರಿಸ್‌ನಲ್ಲಿ.

ಮೊದಲ ಸಲಕ್ಕೇ ವಿದೇಶಕ್ಕೆ ಹೋಗಬೇಡಿ. ದೊಡ್ಡ ಸಮ್ಮೇಳನದಲ್ಲಿ ಸಾವಿರಾರು ಪೋಸ್ಟರ್ ಇರುತ್ತವೆ, ನಿಮ್ಮದರ ಮುಂದೆ ನಾಲ್ಕು ಜನ ನಿಂತರೆ ಪುಣ್ಯ. ಸಣ್ಣ ಸಮ್ಮೇಳನದಲ್ಲಿ ನೀವು ಪಠ್ಯಪುಸ್ತಕದಲ್ಲಿ ಹೆಸರು ಓದಿದವರೇ ತಟ್ಟೆ ಹಿಡಿದು ನಿಮ್ಮ ಹಿಂದೆ ಊಟದ ಸಾಲಿನಲ್ಲಿ ನಿಂತಿರುತ್ತಾರೆ.

ಹೆಜ್ಜೆ 3: ನಕಲಿಗಳಿಂದ ದೂರ ಇರಿ

ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಒಂದೇ ಒಂದು ಲೇಖನ ಪ್ರಕಟವಾದರೂ ಸಾಕು, "ಗೌರವಾನ್ವಿತ ವಿಜ್ಞಾನಿಗಳೇ" ಅಂತ ಇಮೇಲ್ ಸುರಿಮಳೆ ಶುರುವಾಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ದುಬೈನಲ್ಲಿ ಮುಖ್ಯ ಭಾಷಣ ಮಾಡಲು ಆಹ್ವಾನ! ಮನೆಯವರು ಖುಷಿಯಿಂದ ಚಿನ್ನ ಅಡ ಇಟ್ಟು ಹಣ ಹೊಂದಿಸಿದ್ದನ್ನು ನಾನೇ ನೋಡಿದ್ದೇನೆ. ಹೋದ ಹುಡುಗಿಗೆ ಅಲ್ಲಿ ಸಿಕ್ಕಿದ್ದು ಹೋಟೆಲಿನ ಒಂದು ಕೋಣೆ, ಒಂದು ಪ್ರೊಜೆಕ್ಟರ್, ಅವಳಂತೆಯೇ ಮೋಸಹೋದ ಹನ್ನೊಂದು ಜನ.

ಇದರಲ್ಲಿ ಕೋರ್ಟಿನವರೆಗೆ ಹೋದ ಪ್ರಕರಣವೂ ಇದೆ. ಜರ್ನಲ್ ಹೊರತರುವ, ಸಮ್ಮೇಳನ ನಡೆಸುವ ಹೈದರಾಬಾದ್ ಮೂಲದ ಓಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತ್ತು. ಜರ್ನಲ್‌ಗಳ ಬಗ್ಗೆ ಸುಳ್ಳು ಹೇಳಿದ್ದು, ಬರಲು ಒಪ್ಪದ ವಿಜ್ಞಾನಿಗಳ ಹೆಸರು ಹಾಕಿ ಸಮ್ಮೇಳನ ಪ್ರಚಾರ ಮಾಡಿದ್ದು, ಇವು ಆರೋಪಗಳು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರಿಗಿಂತ ಜಾಸ್ತಿ ಹಣ ಕಟ್ಟುವಂತೆ ಆದೇಶಿಸಿತು.

ಗುರುತು ಹಿಡಿಯುವುದು ಕಷ್ಟವಲ್ಲ. ವಿಷಯದ ಪಟ್ಟಿಯಲ್ಲಿ ಪೋಷಣೆ, ನ್ಯಾನೋ ತಂತ್ರಜ್ಞಾನ, ನರ್ಸಿಂಗ್, ದಂತವೈದ್ಯ ಎಲ್ಲ ಒಟ್ಟಿಗೆ ಇದ್ದರೆ ಅನುಮಾನಪಡಿ. ಅಬ್‌ಸ್ಟ್ರಾಕ್ಟ್, ಅಂದರೆ ನಿಮ್ಮ ಕೆಲಸದ ಸಾರಾಂಶ, ಕಳಿಸಿದ ಮರುದಿನವೇ ಒಪ್ಪಿಗೆ ಬಂದರೆ, ಯಾರೂ ಅದನ್ನು ಓದಿಲ್ಲ. ಕಳೆದ ವರ್ಷದ ಕಾರ್ಯಕ್ರಮ ಪಟ್ಟಿ ಕೇಳಿ. ಸಮಿತಿಯಲ್ಲಿ ಹೆಸರಿರುವ ಯಾರಿಗಾದರೂ ಅವರ ಸಂಸ್ಥೆಯ ವಿಳಾಸಕ್ಕೇ ಇಮೇಲ್ ಬರೆದು "ನೀವು ನಿಜವಾಗಿ ಇದರಲ್ಲಿ ಇದ್ದೀರಾ?" ಅಂತ ಕೇಳಿ. ನಾನು ಒಮ್ಮೆ ಕೇಳಿದ್ದೆ. "ಇಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್" ಅಂತ ಉತ್ತರ ಬಂತು.

ಹೆಜ್ಜೆ 4: ಅನುಮತಿ ಮೊದಲು, ಅಳತೆ ಆಮೇಲೆ

ಮನುಷ್ಯರ ಮೇಲಿನ ಯಾವ ಸಂಶೋಧನೆಗೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬರೀ ಪ್ರಶ್ನಾವಳಿ ಆದರೂ ಸಮಿತಿಗೆ ಕಳಿಸಿ. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಜೊತೆ ಸೇರಿ ಕೆಲಸ ಮಾಡಬಹುದಾ ಅಂತ ಗೈಡ್ ಹತ್ತಿರ ಮಾತಾಡಿ. ಮಾಹಿತಿ ತೆಗೆದ ಮೇಲೆ ಹಿಂದಿನ ತಾರೀಖಿಗೆ ಒಪ್ಪಿಗೆ ಕೊಡುವುದು ಅಂತ ಒಂದಿಲ್ಲ.

ಜನರಿಗೆ ಏನಾದರೂ ಕೊಟ್ಟು ಪರಿಣಾಮ ನೋಡುವ ಪ್ರಯೋಗ ಆದರೆ, ಉದಾಹರಣೆಗೆ ಮೂರು ತಿಂಗಳು ದಿನಾ ಒಂದು ಕಡಲೆ ಚಿಕ್ಕಿ ಕೊಟ್ಟು ಹಿಮೋಗ್ಲೋಬಿನ್ ನೋಡುವುದು, ಅದು ಇಂಥ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಇರಬೇಕು. 2007ರಲ್ಲಿ ಶುರುವಾದ ಈ ನೋಂದಣಿ, 2018ರ ಏಪ್ರಿಲ್ 1ರಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆ ಬಂದ ಅರ್ಜಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಳ್ಳೊಳ್ಳೆ ಕೆಲಸಗಳು ಬಾಗಿಲಲ್ಲೇ ನಿಂತಿವೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದೂ ಜನ ಆಡುವ ಕನ್ನಡದಲ್ಲಿ. "ಸಿರೆಯ ರಕ್ತದ ಮಾದರಿ" ಅಂತ ಬರೆದರೆ ಯಾರಿಗೆ ಅರ್ಥವಾಗಬೇಕು? "ಕೈಯಿಂದ ಒಂದು ಚಮಚದಷ್ಟು ರಕ್ತ ತೆಗೆಯುತ್ತೇವೆ, ಬೇಡ ಅಂದರೆ ಬೇಡ" ಅಂತ ಬರೆಯಿರಿ.

ಹೆಜ್ಜೆ 5: ಅಬ್‌ಸ್ಟ್ರಾಕ್ಟ್, ಅಂದರೆ 250 ಪದಗಳ ಪರೀಕ್ಷೆ

ಸಾಮಾನ್ಯವಾಗಿ 250ರಿಂದ 300 ಪದ ಕೊಡುತ್ತಾರೆ. ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ. ಹೊಸಬರು ಮಾಡುವ ತಪ್ಪು ಒಂದೇ: ಹಿನ್ನೆಲೆಗೆ ನೂರೈವತ್ತು ಪದ ಸುರಿಯುತ್ತಾರೆ. "ಭಾರತದಲ್ಲಿ ರಕ್ತಹೀನತೆ ಗಂಭೀರ ಸಮಸ್ಯೆ" ಅಂತ ಓದುವವರಿಗೆ ನೀವು ಹೇಳಬೇಕಾಗಿಲ್ಲ. ಹಿನ್ನೆಲೆಗೆ ಎರಡು ವಾಕ್ಯ ಸಾಕು. ಅರ್ಧದಷ್ಟು ಜಾಗ ಫಲಿತಾಂಶಕ್ಕೆ ಕೊಡಿ.

ನಾನು ಮೊದಲು ಫಲಿತಾಂಶ ಬರೆಯುತ್ತೇನೆ. ಒಂದು ಉದಾಹರಣೆ, ಅಂಕಿ ಸುಮ್ನೆ ವಿವರಿಸಲು ಹಾಕಿದ್ದು. "ಹಾಸ್ಟೆಲ್ ಹುಡುಗಿಯರಲ್ಲಿ ರಕ್ತಹೀನತೆ ಜಾಸ್ತಿ ಕಂಡುಬಂತು" ಅಂತ ಬರೆದರೆ ಏನೂ ಹೇಳಿದಂತೆ ಆಗಲಿಲ್ಲ. ಅದನ್ನೇ ಹೀಗೆ ಬರೆಯಿರಿ: "18ರಿಂದ 22 ವಯಸ್ಸಿನ 120 ವಿದ್ಯಾರ್ಥಿನಿಯರಲ್ಲಿ 66 ಜನರ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇತ್ತು. ಅಂದರೆ 55%, ವಿಶ್ವಾಸ ವ್ಯಾಪ್ತಿ 46ರಿಂದ 64%." ಈಗ ಓದುವವರಿಗೆ ಎಷ್ಟು ಜನ, ಯಾವ ಗಡಿ, ಎಷ್ಟು ನಂಬಬಹುದು (ವಿಶ್ವಾಸ ವ್ಯಾಪ್ತಿ ಅಂದರೆ ನಿಜವಾದ ಪ್ರಮಾಣ ಇರಬಹುದಾದ ಮಿತಿ) ಎಲ್ಲವೂ ಸಿಕ್ಕಿತು.

ವಿಧಾನದಲ್ಲಿ ಒಂದು ಪದ ಬಿಟ್ಟರೂ ಪ್ರಶ್ನೆ ಬರುತ್ತದೆ. ರಕ್ತಹೀನತೆಯ ಕೆಲಸ ಅಂದರೆ ಮೊದಲ ಪ್ರಶ್ನೆಯೇ "ಬೆರಳ ತುದಿಯ ರಕ್ತವೋ, ರಕ್ತನಾಳದ್ದೋ?" ಇದು ಹಠದ ಪ್ರಶ್ನೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದರು. 2015–16ರಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 58.6% ರಕ್ತಹೀನತೆ ಅಂತ ಬಂತು. 2016–18ರ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದರು. 1ರಿಂದ 4 ವರ್ಷದ ಮಕ್ಕಳಲ್ಲಿ ಸಿಕ್ಕಿದ್ದು 41%. ವಯಸ್ಸಿನ ಗುಂಪಿನಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ನಿಜ. ಆದರೂ ಅಷ್ಟು ದೊಡ್ಡ ಅಂತರಕ್ಕೆ ರಕ್ತ ತೆಗೆದ ರೀತಿಯೂ ಒಂದು ಕಾರಣ ಅಂತ ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ. ನೀವು ಯಾವ ದಾರಿ ಹಿಡಿದಿರಿ ಅಂತ ಬರೆದುಬಿಡಿ.

ಊಟದ ಅಳತೆಗೂ ಇದೇ ಮಾತು. ಎಷ್ಟು ದಿನದ ಊಟ ಕೇಳಿದಿರಿ? ಭಾನುವಾರವೂ ಸೇರಿತ್ತಾ? ನಮ್ಮಲ್ಲಿ ಭಾನುವಾರದ ಬಾಡೂಟ ಒಂದೇ ಇಡೀ ವಾರದ ಪ್ರೋಟೀನ್ ಚಿತ್ರ ಬದಲಿಸುತ್ತದೆ. ಯಾವ ಕೋಷ್ಟಕ ಬಳಸಿದಿರಿ? ಬೇಯಿಸಿದ್ದನ್ನು ಹಸಿ ತೂಕಕ್ಕೆ ಹೇಗೆ ತಂದಿರಿ? ಮುದ್ದೆಯ ಕಥೆ ಮೇಲೆ ಹೇಳಿದೆನಲ್ಲ.

ತೀರ್ಮಾನದಲ್ಲಿ ನಿಮ್ಮ ಅಂಕಿ ಹೇಳಿದಷ್ಟನ್ನೇ ಹೇಳಿ. ಒಂದು ಸಲ ಅಳೆದು ನೋಡಿದ ಅಧ್ಯಯನದಿಂದ "ಸೊಪ್ಪು ತಿಂದರೆ ರಕ್ತಹೀನತೆ ಹೋಗುತ್ತದೆ" ಅಂತ ಬರೆಯಲಾಗದು. ಸೊಪ್ಪು ತಿನ್ನುವವರಲ್ಲಿ ಕಡಿಮೆ ಇತ್ತು ಅನ್ನಬಹುದು ಅಷ್ಟೇ.

ಕಳಿಸುವ ಮುಂಚೆ ಪೋಷಣೆ ಓದದ ಒಬ್ಬರ ಕೈಗೆ ಕೊಡಿ. ಗಣಿತದ ಮೇಷ್ಟ್ರಾದರೆ ಇನ್ನೂ ಒಳ್ಳೆಯದು. ಶೇಕಡಾವಾರು ಕೂಡಿಸಿ ನೂರಾಗದಿದ್ದರೆ ಅವರೇ ಮೊದಲು ಹಿಡಿಯುತ್ತಾರೆ.

ಹೆಜ್ಜೆ 6: ಹಣದ ಮಾತು

ವಿದ್ಯಾರ್ಥಿ ದರ, ಬೇಗ ಕಟ್ಟುವವರ ದರ, ಸದಸ್ಯರ ದರ ಬೇರೆ ಬೇರೆ ಇರುತ್ತವೆ. ಕೆಲವು ಕಡೆ ಮೊದಲು ಸದಸ್ಯತ್ವ ತಗೊಂಡು ಆಮೇಲೆ ನೋಂದಣಿ ಮಾಡಿದರೆ ಒಟ್ಟು ಖರ್ಚು ಕಡಿಮೆ. ವಿದೇಶಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಂಥ (ಐಸಿಎಂಆರ್) ಸರ್ಕಾರಿ ಸಂಸ್ಥೆಗಳ ಪ್ರಯಾಣ ಅನುದಾನ ಇವೆ. ಅವುಗಳಿಗೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು, ಅಬ್‌ಸ್ಟ್ರಾಕ್ಟ್ ಒಪ್ಪಿದ ಪತ್ರ ಜೊತೆಗಿರಬೇಕು. ಹಾಗಾಗಿ ಕೊನೆಯ ದಿನದವರೆಗೆ ಕಾಯದೆ ಅಬ್‌ಸ್ಟ್ರಾಕ್ಟ್ ಕಳಿಸಿ. ಆಯೋಜಕರಿಗೂ ಒಂದು ಇಮೇಲ್ ಬರೆಯಿರಿ. ಶುಲ್ಕ ಕಡಿಮೆ ಮಾಡಿ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಕಂಪನಿಯ ಹಣದ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮ ದೇಶದಲ್ಲಿ 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಇದೆ, 2003ರಲ್ಲಿ ತಿದ್ದುಪಡಿ ಆಯಿತು. ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ ತಯಾರಿಸುವವರು ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಗಳಿಗಾಗಲಿ ಸೆಮಿನಾರ್, ಸಮ್ಮೇಳನ, ಫೆಲೋಶಿಪ್, ಸಂಶೋಧನೆ ಯಾವುದಕ್ಕೂ ಹಣ ಕೊಡುವಂತಿಲ್ಲ. ಇದು ಸಲಹೆಯಲ್ಲ, ಕಾನೂನು. ತಾಯಂದಿರ, ಮಕ್ಕಳ ಪೋಷಣೆಯ ಕೆಲಸ ಮಾಡುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಬೇರೆ ಯಾವುದೇ ಆಹಾರ ಕಂಪನಿಯಿಂದ ಸಹಾಯ ಪಡೆದಿದ್ದರೆ ಪೋಸ್ಟರಿನ ಕೆಳಗೆ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹೆಜ್ಜೆ 7: ಪೋಸ್ಟರ್

ಅಳತೆ ಮೊದಲು ಕೇಳಿ. ಕೆಲವರು ಎ0 ಅಂತಾರೆ, ಅಂದರೆ 841 × 1189 ಮಿಲಿಮೀಟರ್. ಕೆಲವರು 3 × 4 ಅಡಿ ಅಂತಾರೆ. ನಿಲ್ಲಿಸುವುದೋ, ಅಡ್ಡ ಹಾಕುವುದೋ ಅದನ್ನೂ ಕೇಳಿ.

2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿ ಒಂದು ಸರಳ ವಿನ್ಯಾಸ ಮುಂದಿಟ್ಟರು: ನಟ್ಟನಡುವೆ ದೊಡ್ಡ ಅಕ್ಷರದಲ್ಲಿ ಮುಖ್ಯ ಫಲಿತಾಂಶ ಒಂದೇ ವಾಕ್ಯ, ಉಳಿದದ್ದೆಲ್ಲ ಪಕ್ಕದಲ್ಲಿ. ನಾನು ಅದನ್ನೇ ಸ್ವಲ್ಪ ಬದಲಿಸಿ ಬಳಸುತ್ತೇನೆ. ಹತ್ತು ಅಡಿ ದೂರದಿಂದ ಆ ವಾಕ್ಯ ಓದಬೇಕು, ನಾಲ್ಕು ಅಡಿಯಿಂದ ಗ್ರಾಫ್ ಅರ್ಥವಾಗಬೇಕು. ಗ್ರಾಫ್ ಒಂದೋ ಎರಡೋ ಸಾಕು. ಅಬ್‌ಸ್ಟ್ರಾಕ್ಟನ್ನು ಪೂರ್ತಿ ತಂದು ಅಂಟಿಸಬೇಡಿ. ಮಕ್ಕಳ ಮುಖ ಕಾಣುವ ಫೋಟೋ ಬೇಡವೇ ಬೇಡ, ಅಂಗನವಾಡಿ ಟೀಚರ್ "ಹಾಕ್ರೀ ಪರವಾಗಿಲ್ಲ" ಅಂದರೂ ಬೇಡ.

ಫ್ಲೆಕ್ಸ್‌ಗಿಂತ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ. ಮಡಚಿ ಬ್ಯಾಗಿನಲ್ಲಿ ಇಡಬಹುದು. ಹೈದರಾಬಾದಿಗೆ ಹೋಗುವ ಕಾಚಿಗುಡ ರೈಲಿನಲ್ಲಿ ರಾತ್ರಿಯಿಡೀ ಉದ್ದ ಕೊಳವೆ ತಬ್ಬಿಕೊಂಡು ಮಲಗುವುದು ತಪ್ಪುತ್ತದೆ.

ಹೆಜ್ಜೆ 8: ಆ ದಿನ

ಎರಡು ನಿಮಿಷದ ವಿವರಣೆ ಬಾಯಿಗೆ ಬರುವಷ್ಟು ಅಭ್ಯಾಸ ಮಾಡಿ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿಯಾದರೂ. ಇಂಗ್ಲಿಷಿನ ಬಗ್ಗೆ ನನ್ನ ಅನುಭವದ ಮಾತು ಕೇಳಿ: ಸಣ್ಣ ವಾಕ್ಯ, ನಿಧಾನ ಉಚ್ಚಾರ, ಕೈಬೆರಳು ಗ್ರಾಫಿನ ಮೇಲೆ. ಅಷ್ಟಿದ್ದರೆ ಯಾರೂ ನಿಮ್ಮ ವ್ಯಾಕರಣ ನೋಡುವುದಿಲ್ಲ. ತಮಿಳುನಾಡು, ಒಡಿಶಾ, ಅಸ್ಸಾಂ ಎಲ್ಲ ಕಡೆಯಿಂದ ಬಂದವರೂ ತಮ್ಮ ತಮ್ಮ ಇಂಗ್ಲಿಷನ್ನೇ ಮಾತಾಡುತ್ತಿರುತ್ತಾರೆ.

ಒಂದು ಮಾತನ್ನು ಮಾತ್ರ ಕಲಿತು ಹೋಗಿ: "ಐ ಡಿಡ್ ನಾಟ್ ಮೆಷರ್ ದಟ್." ಅಳೆದಿಲ್ಲದ್ದನ್ನು ಅಳೆದಿಲ್ಲ ಅನ್ನಿ. ಅದರ ಹಿಂದೆಯೇ "ನೀವಾಗಿದ್ದರೆ ಹೇಗೆ ಅಳೆಯುತ್ತಿದ್ದಿರಿ?" ಅಂತ ಕೇಳಿ. ನನಗೆ ಮುದ್ದೆಯ ಪಾಠ ಹೇಳಿದವರು ಆಮೇಲೆ ಅರ್ಧ ಗಂಟೆ ಕೂತರು. ಪ್ರತಿ ಮನೆಯಲ್ಲೂ ಹಿಟ್ಟು ಒಂದು ಸಲ, ಬೆಂದ ಮೇಲೆ ಮುದ್ದೆ ಒಂದು ಸಲ ತೂಗಬೇಕು, ಅಡುಗೆಮನೆಯ ತಕ್ಕಡಿಯನ್ನು ದಿನಾ ಬೆಳಿಗ್ಗೆ ಗೊತ್ತಿರುವ ತೂಕ ಇಟ್ಟು ನೋಡಬೇಕು ಅಂತ ಹೇಳಿಕೊಟ್ಟರು.

ದಿನವಿಡೀ ಎಲ್ಲ ಭಾಷಣಕ್ಕೂ ಕೂರಬೇಡಿ. ಕಾರ್ಯಕ್ರಮ ಪಟ್ಟಿಯಲ್ಲಿ ನಿಮಗೆ ಬೇಕಾದ ನಾಲ್ಕಕ್ಕೆ ಗುರುತು ಹಾಕಿ, ಉಳಿದ ಹೊತ್ತು ಬೇರೆಯವರ ಪೋಸ್ಟರ್ ಮುಂದೆ ನಿಲ್ಲಿ. ಯಾರೂ ನಿಲ್ಲದ ಪೋಸ್ಟರ್ ಮುಂದೆ ಖಂಡಿತ ನಿಲ್ಲಿ. ಆ ಹುಡುಗ ಅಥವಾ ಹುಡುಗಿ ನಿಮ್ಮ ಹಾಗೇ ಮೊದಲ ಸಲ ಬಂದವರು. ಭೇಟಿಯಾದವರ ಹೆಸರಿನ ಪಕ್ಕ ಏನು ಮಾತಾಡಿದಿರಿ ಅಂತ ಒಂದು ಸಾಲು ಬರೆದಿಡಿ, ಮೂರು ದಿನದೊಳಗೆ ಅವರಿಗೆ ಇಮೇಲ್ ಕಳಿಸಿ. ವಾರ ಕಳೆದರೆ ಇಬ್ಬರಿಗೂ ಮರೆತಿರುತ್ತದೆ.

ಹೆಜ್ಜೆ 9: ವಾಪಸ್ ಊರಿಗೆ

ಸಮ್ಮೇಳನದಲ್ಲಿ ಹೇಳಿದ ಫಲಿತಾಂಶ, ಬೆರಳು ಚುಚ್ಚಿಸಿಕೊಂಡವರಿಗೆ, ಊಟದ ಲೆಕ್ಕ ಕೊಟ್ಟವರಿಗೆ ಹೇಳುವುದು ಬಾಕಿ ಇರುತ್ತದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಇದು ಬೇಸರದ ವಿಷಯ. ಹಿಮೋಗ್ಲೋಬಿನ್ ಕಡಿಮೆ ಇದ್ದವರ ಹೆಸರು ಗೊತ್ತಿರುವುದು ನಿಮಗೆ ಮಾತ್ರ. ಅವರಿಗೆ ಸಮ್ಮೇಳನದ ತನಕ ಕಾಯದೆ ಅಳೆದ ವಾರವೇ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದು ಕಳಿಸಿ. ಒಟ್ಟು ಫಲಿತಾಂಶವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಪಂಚಾಯಿತಿಗೆ, ಶಾಲೆಗೆ, ಅಂಗನವಾಡಿಗೆ ಕೊಡಿ.

ನಾನು ಎರಡನೇ ಸಲ ಹಳ್ಳಿಗೆ ಹೋದಾಗ ಬಟ್ಟೆಯ ಪೋಸ್ಟರನ್ನು ಅಂಗನವಾಡಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಪಕ್ಕದಲ್ಲಿ ಹೊಸ ತಕ್ಕಡಿ ಇಟ್ಟೆ. ಲೆಕ್ಕ ಎಲ್ಲಿ ತಪ್ಪಿತ್ತು ಅಂತ ಹೇಳಿದೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ಮನೆಗೆ ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಬಿಸಿ ತಟ್ಟೆ ಹಿಡಿದು ಬಂದು, ತಮ್ಮ ಮುದ್ದೆಯನ್ನು ತಕ್ಕಡಿ ಮೇಲೆ ಇಟ್ಟರು. ತಟ್ಟೆಯ ತೂಕ ಕಳೆದು 410 ಗ್ರಾಂ ಬಂತು. "ಹಿಟ್ಟು ಎಷ್ಟು ಹಾಕಿದ್ರಿ ಅಜ್ಜಿ?" ಅಂತ ಕೇಳಿದೆ. "ನಾಳೆ ಬೆಳಿಗ್ಗೆ ಒಲೆ ಹತ್ತಿಸೋ ಹೊತ್ತಿಗೆ ಬಾ, ತೂಗಿ ತೋರಿಸ್ತೀನಿ" ಅಂದರು.